ಸಂಕೀರ್ಣತೆ ಎಂದಾಗ, ಯಾವುದರ ಸಂಕೀರ್ಣತೆ?

ಪ್ರಶ್ನೆ: ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಕೇಳಿರುವುದರ ಸಾರಾಂಶ ಇದು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗಳ ಪಠ್ಯದಲ್ಲಿ ‘ಟೈಮ್ ಕಾಂಪ್ಲೆಕ್ಸಿಟಿ’ ಎಂಬ ಅಧ್ಯಾಯವಿದೆ. ನೀರು ಬಳಕೆದಾರರ ಸಂಘದ ಸಭೆಗೆ ಬರುವ ಅಧಿಕಾರಿಗಳು ನಾಲೆ ನೀರಿನ ಹಂಚಿಕೆ ‘ಬಹಳ ಕಾಂಪ್ಲೆಕ್ಸ್’ ಎನ್ನುತ್ತಾರೆ. ಪತ್ರಿಕೆಗಳು ದಿನಕ್ಕೊಂದು ‘ಸಂಕೀರ್ಣ ಸಮಸ್ಯೆ’ಯ ಬಗ್ಗೆ ಬರೆಯುತ್ತವೆ. ಇವೆಲ್ಲದರಲ್ಲೂ ಇರುವುದು ಒಂದೇ ಅರ್ಥವೇ? ಕಷ್ಟವಾದದ್ದೆಲ್ಲ ಸಂಕೀರ್ಣವೇ? ಇದು ಅದಕ್ಕಿಂತ ಎರಡು ಪಟ್ಟು ಸಂಕೀರ್ಣ ಎಂದು ಅಳೆದು ಹೇಳಲು ಬರುತ್ತದೆಯೇ?

ಉತ್ತರ: ಒಂದೇ ಅರ್ಥವಲ್ಲ. ಮಗಳ ಪಠ್ಯದಲ್ಲಿರುವ ಸಂಕೀರ್ಣತೆಗೆ ಗಣಿತದಲ್ಲಿ ಕಟ್ಟುನಿಟ್ಟಾದ ವ್ಯಾಖ್ಯೆ ಇದೆ. ಅಧಿಕಾರಿಗಳು ಹೇಳುವ ಸಂಕೀರ್ಣತೆಗೆ ವಿಜ್ಞಾನದಲ್ಲಿ ಗೌರವದ ಸ್ಥಾನವಿದ್ದರೂ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಪತ್ರಿಕೆಗಳಲ್ಲಿ ಬರುವ ಸಂಕೀರ್ಣತೆ ಅನೇಕ ಸಲ ‘ಇದನ್ನು ಬಿಡಿಸಿ ಹೇಳಲು ಜಾಗವಿಲ್ಲ’ ಎಂಬುದರ ಸಭ್ಯ ರೂಪ ಮಾತ್ರ. ಅಮೆರಿಕದ ಎಂಐಟಿಯ ಸೇತ್ ಲಾಯ್ಡ್ ಎಂಬ ವಿಜ್ಞಾನಿ 2001ರಲ್ಲಿ ಸಂಕೀರ್ಣತೆಯನ್ನು ಅಳೆಯಲು ಬೇರೆ ಬೇರೆ ಶಾಸ್ತ್ರಗಳವರು ಬಳಸುವ ಅಳತೆಗಳನ್ನೆಲ್ಲ ಒಂದು ಪಟ್ಟಿಗೆ ತಂದಾಗ ಅವು ಸುಮಾರು 40 ಆದವು, ಮತ್ತು ಆ ಪಟ್ಟಿ ಪೂರ್ಣವಲ್ಲವೆಂದು ಅವರೇ ಹೇಳಿಕೊಂಡರು. ಆದರೂ ಅವರು ಆ ಅಳತೆಗಳನ್ನು ಮೂರು ಪ್ರಶ್ನೆಗಳ ಕೆಳಗೆ ಜೋಡಿಸಿದ್ದು ನಮಗೆ ಉಪಯೋಗಕ್ಕೆ ಬರುತ್ತದೆ: ಒಂದು ವಸ್ತುವನ್ನು ವರ್ಣಿಸುವುದು ಎಷ್ಟು ಕಷ್ಟ, ಅದನ್ನು ಮಾಡುವುದು ಎಷ್ಟು ಕಷ್ಟ, ಅದರ ಭಾಗಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ. ನಿಮ್ಮ ಮಗಳ ಪುಸ್ತಕ ಎರಡನೆಯ ಪ್ರಶ್ನೆಗೆ ಸೇರಿದ್ದು, ನಿಮ್ಮ ನಾಲೆ ಮೂರನೆಯದಕ್ಕೆ. ವಾಣಿಜ್ಯ ಸಂಕೀರ್ಣ, ಸಂಕೀರ್ಣ ಜಾತಿಯ ತಾಳ ಮುಂತಾದ ಬಳಕೆಗಳ ದಾರಿ ಬೇರೆ. ಅವನ್ನು ಇಲ್ಲಿ ಎಳೆದು ತರುವುದಿಲ್ಲ.

ಮಗಳ ಪುಸ್ತಕದಿಂದಲೇ ಆರಂಭಿಸೋಣ, ಏಕೆಂದರೆ ಈ ಪದ ಅತ್ಯಂತ ನಿಖರವಾಗಿರುವುದು ಅಲ್ಲಿ. ಯೂರಿಸ್ ಹಾರ್ಟ್‌ಮನಿಸ್ ಮತ್ತು ರಿಚರ್ಡ್ ಸ್ಟರ್ನ್ಸ್ 1965ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಗಣನೆಯ ಸಂಕೀರ್ಣತೆ ಎಂಬ ಅಧ್ಯಯನಕ್ಕೆ ಹೆಸರೂ ನೆಲೆಯೂ ದೊರಕಿದವು. ಅಲ್ಲಿ ಕೇಳುವ ಪ್ರಶ್ನೆ ಇಷ್ಟೇ: ಲೆಕ್ಕದ ಗಾತ್ರ ಹೆಚ್ಚುತ್ತ ಹೋದಂತೆ ಅದನ್ನು ಮಾಡಲು ಬೇಕಾಗುವ ಹೆಜ್ಜೆಗಳ ಸಂಖ್ಯೆ ಯಾವ ಗತಿಯಲ್ಲಿ ಹೆಚ್ಚುತ್ತದೆ? ಒಂದು ಲೆಕ್ಕ ಇಂದು ಎಷ್ಟು ಸೆಕೆಂಡಿನಲ್ಲಿ ಮುಗಿಯಿತು ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಅದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಗಾತ್ರ ಇಮ್ಮಡಿಯಾದಾಗ ಕೆಲಸ ಇಮ್ಮಡಿಯಾಗುತ್ತದೆಯೋ, ನಾಲ್ಕು ಪಟ್ಟಾಗುತ್ತದೆಯೋ, ಅಥವಾ ಕೈಗೆ ಸಿಗದಷ್ಟು ಬೆಳೆಯುತ್ತದೆಯೋ ಎಂಬುದು ಮುಖ್ಯ.

ನಿಮ್ಮ ತಾಲ್ಲೂಕಿನದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಗೆಜ್ಜಲಗೆರೆಯ ಡೇರಿಯಿಂದ ಹೊರಟ ಒಂದು ಹಾಲಿನ ವಾಹನ 20 ಊರುಗಳ ಸಂಘಗಳಿಗೆ ಹೋಗಿ, ಕ್ಯಾನುಗಳನ್ನು ತುಂಬಿಸಿಕೊಂಡು, ಮತ್ತೆ ಡೇರಿಗೆ ಬರಬೇಕು ಎಂದಿಟ್ಟುಕೊಳ್ಳಿ. ಯಾವ ಊರಿಗೆ ಮೊದಲು, ಯಾವುದಕ್ಕೆ ಆಮೇಲೆ ಹೋದರೆ ಒಟ್ಟು ದೂರ ಕಡಿಮೆಯಾಗುತ್ತದೆ? ಮೊದಲಿಗೆ ಹೊಳೆಯುವ ಉಪಾಯವೆಂದರೆ ಎಲ್ಲ ಸರದಿಗಳನ್ನೂ ಒಂದೊಂದಾಗಿ ಲೆಕ್ಕ ಹಾಕಿ ಚಿಕ್ಕದನ್ನು ಆರಿಸುವುದು. ಮೊದಲ ಊರಿಗೆ 20 ಆಯ್ಕೆ, ಎರಡನೆಯದಕ್ಕೆ 19, ಮೂರನೆಯದಕ್ಕೆ 18, ಹೀಗೆ ಗುಣಿಸುತ್ತ ಹೋದರೆ 24ರ ಮುಂದೆ ಹದಿನೇಳು ಸೊನ್ನೆ ಬರೆದಷ್ಟು ಸರದಿಗಳಾಗುತ್ತವೆ. ಸೆಕೆಂಡಿಗೆ 100 ಕೋಟಿ ಸರದಿಗಳನ್ನು ನೋಡಬಲ್ಲ ಯಂತ್ರಕ್ಕೂ ಇದಕ್ಕೆ ಸುಮಾರು 77 ವರ್ಷ ಬೇಕು. ಇನ್ನೊಂದು ಊರನ್ನು ಸೇರಿಸಿದರೆ, ಅಂದರೆ 21 ಊರುಗಳಾದರೆ, 1,600 ವರ್ಷ ದಾಟುತ್ತದೆ. ಅದೇ ಕೆಲಸವನ್ನು ವಾಹನದ ಚಾಲಕರು ಒಂದು ವಾರದ ಅನುಭವದ ಮೇಲೆ ಅಂದಾಜಿನಿಂದ ಮಾಡುತ್ತಾರೆ, ಮತ್ತು ಸಾಕಷ್ಟು ಚೆನ್ನಾಗಿಯೇ ಮಾಡುತ್ತಾರೆ.

ಹೆಚ್ಚಿನ ಜನಪ್ರಿಯ ಲೇಖನಗಳು ಇಲ್ಲಿಗೆ ನಿಂತು, ‘ನೋಡಿ, ಎಂಥ ಸಂಕೀರ್ಣ ಸಮಸ್ಯೆ’ ಎಂದು ಬೆರಗಾಗುತ್ತವೆ. ಅದು ಸರಿಯಲ್ಲ. ಆ 77 ವರ್ಷ ಸಮಸ್ಯೆಯ ಸಂಕೀರ್ಣತೆಯಲ್ಲ, ನಾವು ಆರಿಸಿಕೊಂಡ ದಡ್ಡ ವಿಧಾನದ ಸಂಕೀರ್ಣತೆ. 1962ರಲ್ಲಿ ಪ್ರಕಟವಾದ ಹೆಲ್ಡ್ ಮತ್ತು ಕಾರ್ಪ್ ಅವರ ವಿಧಾನದಲ್ಲಿ, ಇಂತಿಂಥ ಊರುಗಳನ್ನು ಮುಗಿಸಿ ಇಂಥ ಊರಿನಲ್ಲಿ ನಿಂತಿದ್ದೇವೆ ಎಂಬ ಪ್ರತಿಯೊಂದು ಸ್ಥಿತಿಗೂ ಅತಿ ಕಡಿಮೆ ದೂರವನ್ನು ಒಮ್ಮೆ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತಾರೆ. ಆ ಊರುಗಳನ್ನು ಯಾವ ಕ್ರಮದಲ್ಲಿ ಮುಗಿಸಿ ಬಂದೆವು ಎಂಬುದನ್ನು ಮತ್ತೆ ಮತ್ತೆ ಕೆದಕುವುದಿಲ್ಲ. ಹೀಗೆ ಮಾಡಿದರೆ 20 ಊರುಗಳಿಗೆ ಸುಮಾರು 42 ಕೋಟಿ ಹೆಜ್ಜೆ ಸಾಕು, ಅದೇ ಯಂತ್ರದಲ್ಲಿ ಅರ್ಧ ಸೆಕೆಂಡಿನ ಕೆಲಸ. ಊರುಗಳು ಅವೇ, ರಸ್ತೆಗಳು ಅವೇ. ವಿಧಾನ ಬದಲಾದೊಡನೆ 77 ವರ್ಷ ಅರ್ಧ ಸೆಕೆಂಡಾಯಿತು. ಆದರೆ ಈ ಜಾಣ ವಿಧಾನವೂ ಎಲ್ಲಿಯವರೆಗೂ ಓಡುವುದಿಲ್ಲ. 40 ಊರುಗಳಾದರೆ ಅದಕ್ಕೂ ಸುಮಾರು 20 ದಿನ ಹಿಡಿಯುತ್ತದೆ, 60 ಊರುಗಳಾದರೆ ಲಕ್ಷ ವರ್ಷ ಮೀರುತ್ತದೆ. ಊರುಗಳ ಸಂಖ್ಯೆ ಎಷ್ಟಾದರೂ ಸೊಗಸಾಗಿ ಮುಗಿಯುವ ವಿಧಾನ ಇದೆಯೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. 1971ರಲ್ಲಿ ಸ್ಟೀಫನ್ ಕುಕ್ ಮತ್ತು 1972ರಲ್ಲಿ ರಿಚರ್ಡ್ ಕಾರ್ಪ್ ತೋರಿಸಿದ್ದೇನೆಂದರೆ, ಇಂಥ ಹಲವಾರು ಸಮಸ್ಯೆಗಳು ಒಂದೇ ಕಟ್ಟಿಗೆ ಸೇರಿದವು. ಒಂದಕ್ಕೆ ಸುಲಭ ದಾರಿ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ. ಇದನ್ನು ಇತ್ಯರ್ಥ ಮಾಡಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿದ 10 ಲಕ್ಷ ಡಾಲರ್ ಬಹುಮಾನ ಇನ್ನೂ ಹಾಗೆಯೇ ಇದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಪಠ್ಯಪುಸ್ತಕದ ಸಂಕೀರ್ಣತೆ ಸಾಮಾನ್ಯವಾಗಿ ಅತ್ಯಂತ ಕೆಟ್ಟ ಸಂದರ್ಭದ ಲೆಕ್ಕ. ಹಾಲಿನ ವಾಹನದ ಸಮಸ್ಯೆಯ ಜಾತಿಗೇ ಸೇರಿದ, 85,900 ಬಿಂದುಗಳಿದ್ದ ಒಂದು ಲೆಕ್ಕಕ್ಕೆ 2006ರಲ್ಲಿ ಖಚಿತವಾದ ಅತಿ ಚಿಕ್ಕ ದಾರಿಯನ್ನು ಕಂಡುಹಿಡಿದಿದ್ದಾರೆ. ಅಂದರೆ ‘ಸಾಮಾನ್ಯವಾಗಿ ಎಟುಕದ್ದು’ ಎಂಬುದಕ್ಕೂ ‘ನನ್ನ ಮುಂದಿರುವ ಈ ಲೆಕ್ಕ ಎಟುಕದ್ದು’ ಎಂಬುದಕ್ಕೂ ಬಹಳ ಅಂತರವಿದೆ. ಒಂದು ಸಮಸ್ಯೆಯ ಬಗೆಗಿನ ತೀರ್ಪು ಕಾಲಕಾಲಕ್ಕೆ ಬದಲಾಗಲೂಬಹುದು. ದೊಡ್ಡದೊಂದು ಸಂಖ್ಯೆ ಅವಿಭಾಜ್ಯವೇ ಎಂದು ಯಾವ ಅದೃಷ್ಟದ ನೆರವೂ ಇಲ್ಲದೆ, ಯಾವ ಸಿದ್ಧವಾಗದ ಊಹೆಯನ್ನೂ ನೆಚ್ಚದೆ, ಮಿತವಾದ ಹೆಜ್ಜೆಗಳಲ್ಲಿ ನಿರ್ಧರಿಸಲು ಸಾಧ್ಯವೇ ಎಂಬುದು ದಶಕಗಳ ಕಾಲ ತಿಳಿದಿರಲಿಲ್ಲ. ಸಾಧ್ಯವೆಂದು 2002ರಲ್ಲಿ ಸಾಧಿಸಿ ತೋರಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನ. ಆ ಸಂಖ್ಯೆಗಳಲ್ಲಿ ಏನೂ ಬದಲಾಗಿರಲಿಲ್ಲ. ನಮ್ಮ ತಿಳಿವಳಿಕೆ ಬದಲಾಯಿತು. ಹೀಗಾಗಿ ಒಂದು ಸಮಸ್ಯೆ ಸಂಕೀರ್ಣವೆನ್ನುವಾಗ, ‘ಇದುವರೆಗೆ ಗೊತ್ತಿರುವ ವಿಧಾನಗಳಲ್ಲಿ’ ಎಂದು ಸೇರಿಸಬೇಕೋ ಬೇಡವೋ ಎಂಬುದನ್ನು ಯೋಚಿಸಿಯೇ ಬರೆಯಬೇಕು.

ವರ್ಣನೆಯ ಸಂಕೀರ್ಣತೆಗೆ ಬಂದರೆ ಅಲ್ಲೊಂದು ಸ್ವಾರಸ್ಯವಿದೆ. ರಷ್ಯಾದ ಗಣಿತಜ್ಞ ಕಾಲ್ಮೊಗೊರೊವ್ 1965ರಲ್ಲಿ ಸೂಚಿಸಿದ ಅಳತೆ ಹೀಗಿದೆ: ಒಂದು ಅಂಕಿಸಾಲನ್ನು ಮುದ್ರಿಸಬಲ್ಲ ಅತಿ ಚಿಕ್ಕ ಕ್ರಮವಿಧಿಯ, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನ, ಉದ್ದವೇ ಆ ಸಾಲಿನ ಸಂಕೀರ್ಣತೆ. ಅಮೆರಿಕದ ಸಾಲೊಮೊನಾಫ್ ಮತ್ತು ಚೈಟಿನ್ ಕೂಡ ಅದೇ ದಶಕದಲ್ಲಿ, ಸ್ವತಂತ್ರವಾಗಿ, ಇದೇ ವಿಚಾರಕ್ಕೆ ಬಂದರು. 01 ಎಂಬುದನ್ನು ಐನೂರು ಸಲ ಬರೆದ ಸಾವಿರ ಅಂಕಿಗಳ ಸಾಲನ್ನು ‘01 ಐನೂರು ಸಲ’ ಎಂಬಷ್ಟರಲ್ಲಿ ಹೇಳಿ ಮುಗಿಸಬಹುದು. ನಾಣ್ಯವನ್ನು ಸಾವಿರ ಸಲ ಚಿಮ್ಮಿ ಬರೆದ ಸಾಲನ್ನು ಹೇಳಲು, ಬಹುಪಾಲು ಸಂದರ್ಭಗಳಲ್ಲಿ, ಆ ಸಾಲನ್ನೇ ಪೂರ್ತಿ ಒಪ್ಪಿಸಬೇಕು. ವೃತ್ತದ ಪೈ ಸಂಖ್ಯೆಯ ಅಂಕಿಗಳು ಕಣ್ಣಿಗೆ ನಾಣ್ಯದ ಸಾಲಿನಷ್ಟೇ ಅಡ್ಡಾದಿಡ್ಡಿಯಾಗಿ ಕಂಡರೂ, ಅವನ್ನು ಹುಟ್ಟಿಸುವ ಕ್ರಮವಿಧಿ ಕೆಲವೇ ಸಾಲುಗಳದ್ದಾದ್ದರಿಂದ, ಈ ಅಳತೆಯಲ್ಲಿ ಪೈ ಸರಳವಾದದ್ದು. ಇಷ್ಟಾಗಿಯೂ, ಒಂದು ಸಾಲಿನ ಸಂಕೀರ್ಣತೆ ಇಷ್ಟೇ ಎಂದು ಎಲ್ಲ ಸಂದರ್ಭದಲ್ಲೂ ಕಂಡುಹಿಡಿದು ಕೊಡಬಲ್ಲ ಯಾವ ಕ್ರಮವಿಧಿಯನ್ನೂ ಬರೆಯಲು ಸಾಧ್ಯವಿಲ್ಲವೆಂದು ಸಿದ್ಧವಾಗಿದೆ. ಅಳತೆಯ ವ್ಯಾಖ್ಯೆ ಖಚಿತ, ಅಳೆಯುವುದು ಮಾತ್ರ ಅಸಾಧ್ಯ.

ಈ ಅಳತೆಯನ್ನು ದಿನಬಳಕೆಗೆ ತಂದರೆ ಎಡವಟ್ಟಾಗುತ್ತದೆ. ಇದರ ಪ್ರಕಾರ ಬರಿಯ ಗೊಂದಲವೇ ಎಲ್ಲಕ್ಕಿಂತ ಸಂಕೀರ್ಣ. ನಾಣ್ಯದ ಸಾಲು ಅಷ್ಟೇ ಉದ್ದದ ಯಾವುದೇ ಅರ್ಥವತ್ತಾದ ಬರಹಕ್ಕಿಂತ ಮೇಲೆ ನಿಲ್ಲುತ್ತದೆ. ನಾವು ಜೀವಕೋಶವನ್ನೋ ನಾಲೆ ಬಯಲನ್ನೋ ಸಂಕೀರ್ಣ ಎನ್ನುವಾಗ ಗೊಂದಲವನ್ನು ಹೇಳುತ್ತಿಲ್ಲ. ಅಲ್ಲಿ ಕ್ರಮವಿದೆ, ಆದರೆ ಚಿಕ್ಕ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಕ್ರಮವಲ್ಲ ಎಂಬುದನ್ನು ಹೇಳುತ್ತಿದ್ದೇವೆ.

ಈ ಮೂರನೆಯ ಅರ್ಥವನ್ನು ಸ್ಪಷ್ಟವಾಗಿ ಗುರುತಿಸಿ ಕೊಟ್ಟವರು ಅಮೆರಿಕದ ವಾರೆನ್ ವೀವರ್. 1948ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು ವಿಜ್ಞಾನದ ಸಮಸ್ಯೆಗಳನ್ನು ಮೂರಾಗಿ ವಿಂಗಡಿಸಿದರು. ಎರಡು ಮೂರು ಅಂಶಗಳನ್ನು ಹಿಡಿದು ಬಿಡಿಸಬಹುದಾದ ಸರಳ ಸಮಸ್ಯೆಗಳು ಮೊದಲನೆಯವು. ಹಿಂದಿನ ಶತಮಾನಗಳ ಭೌತವಿಜ್ಞಾನ ಬೆಳೆದದ್ದು ಇವುಗಳ ಮೇಲೆ. ಕೋಟ್ಯಂತರ ಅಂಶಗಳು ಒಂದಕ್ಕೊಂದು ಹೊಂದಿಕೆಯಿಲ್ಲದೆ ಓಡಾಡುವ, ಆದ್ದರಿಂದಲೇ ಸರಾಸರಿ ಹಿಡಿದು ಗೆಲ್ಲಬಹುದಾದ ಸಮಸ್ಯೆಗಳು ಎರಡನೆಯವು. ಒಂದು ಸಿಲಿಂಡರಿನೊಳಗಿನ ಅನಿಲದ ಒಂದೊಂದು ಕಣದ ಹಾದಿ ನಮಗೆ ಗೊತ್ತಿಲ್ಲದಿದ್ದರೂ ಒತ್ತಡವನ್ನು ಸರಿಯಾಗಿ ಹೇಳಬಲ್ಲೆವು. ಇವೆರಡರ ನಡುವಿನ ದೊಡ್ಡ ಬಯಲನ್ನು ವೀವರ್ ‘ವ್ಯವಸ್ಥಿತ ಸಂಕೀರ್ಣತೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಅಲ್ಲಿ ಅಂಶಗಳು ಎರಡು ಮೂರಲ್ಲ, ಬಿಡಿಸಿ ಹಿಡಿಯಲಾಗದು. ಅವು ಒಂದನ್ನೊಂದು ನೋಡಿ ನಡೆಯುತ್ತವೆಯಾದ್ದರಿಂದ ಸರಾಸರಿಯೂ ಕೈಕೊಡುತ್ತದೆ.

ಈಗ ನಿಮ್ಮ ಕಣ್ಣೆದುರಿನ ವಿಷಯಕ್ಕೆ ಬರೋಣ. ಕೃಷ್ಣರಾಜಸಾಗರದ ಅಣೆಕಟ್ಟನ್ನೂ ಅದರಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಬಯಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಪದದ ತಿರುಳು ತಿಳಿಯುತ್ತದೆ. 1911ರಲ್ಲಿ ಕೆಲಸ ಆರಂಭವಾಗಿ ಎರಡು ದಶಕ ನಡೆದ ಆ ಕಟ್ಟೆ ಅಸಾಮಾನ್ಯವಾದ ನಿರ್ಮಾಣ, ಅದರ ತೂಬುಗಳು, ಬಾಗಿಲುಗಳು, ಗೋಡೆಯ ಒಳಲೆಕ್ಕಗಳು ಸಾಮಾನ್ಯರಿಗೆ ಅರ್ಥವಾಗುವಂಥವಲ್ಲ. ಆದರೂ ಅದನ್ನು ನಾನು ಸಂಕೀರ್ಣ ಎನ್ನುವುದಿಲ್ಲ, ಜಟಿಲ ಎನ್ನುತ್ತೇನೆ. ಅದರ ಒಂದೊಂದು ಭಾಗ ಏನು ಮಾಡುತ್ತದೆ ಎಂಬುದನ್ನು ಬೇರೆಯಾಗಿ ಹೇಳಬಹುದು. ಎಲ್ಲವನ್ನೂ ಕೂಡಿಸಿದರೆ ಕಟ್ಟೆ ಏನು ಮಾಡುತ್ತದೆ ಎಂಬುದು ಸಿಗುತ್ತದೆ. ನೀರು 124.80 ಅಡಿಗೆ ನಿಂತಾಗ ಸುಮಾರು 49.45 ಟಿಎಂಸಿ ಸಂಗ್ರಹ ಎಂಬ ಲೆಕ್ಕ, ಯಾರು ನೋಡಲಿ ಬಿಡಲಿ, ಹಾಗೆಯೇ ಇರುತ್ತದೆ. ಒಂದು ಬಾಗಿಲನ್ನು ಎತ್ತಿದ ಸುದ್ದಿ ಕೇಳಿ ಪಕ್ಕದ ಬಾಗಿಲು ತನ್ನ ಮನಸ್ಸು ಬದಲಾಯಿಸುವುದಿಲ್ಲ.

ನಾಲೆಯ ಬಯಲಿನಲ್ಲಿ ಮನಸ್ಸು ಬದಲಾಯಿಸುವವರೇ ಎಲ್ಲರೂ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ಪ್ರಕಟಣೆ ಹೊರಟ ಕೂಡಲೇ ಏನಾಗುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮುಂದಿನ ಕಟ್ಟು ತಡವಾಗಬಹುದೆಂಬ ಗುಮಾನಿಯಿಂದ ನಾಲೆಯ ತಲೆಭಾಗದವರು ಗದ್ದೆಯನ್ನು ಬೇಕಾದುದಕ್ಕಿಂತ ಹೆಚ್ಚು ತುಂಬಿಸಿಕೊಳ್ಳುತ್ತಾರೆ. ಅದರಿಂದ ಕೊನೆಯ ಭಾಗಕ್ಕೆ ನೀರು ತಲುಪುವುದು ತಡವಾಗುತ್ತದೆ. ಕೊನೆಯ ಭಾಗದವರು ಒಟ್ಲು (ಭತ್ತದ ಸಸಿಮಡಿ) ಹಾಕುವುದನ್ನು ಮುಂದೂಡುತ್ತಾರೆ ಅಥವಾ ಕೊಳವೆಬಾವಿಯ ಕಡೆ ತಿರುಗುತ್ತಾರೆ. ಒಟ್ಲು ಮುಂದೆ ಹೋದ ಗದ್ದೆಗಳು ನೀರು ಕೇಳುವ ಕಾಲವೂ ಮುಂದೆ ಹೋಗುತ್ತದೆ, ಆಗ ಎಂಜಿನಿಯರ್ ಹಾಕಿಟ್ಟ ಕಟ್ಟಿನ ಪಟ್ಟಿ ಬೇಡಿಕೆಗೆ ಹೊಂದುವುದಿಲ್ಲ, ಪಟ್ಟಿ ಬದಲಾಗುತ್ತದೆ, ಬದಲಾದ ಪಟ್ಟಿ ನೋಡಿ ತಲೆಭಾಗದವರ ಗುಮಾನಿ ಇನ್ನಷ್ಟು ಗಟ್ಟಿಯಾಗುತ್ತದೆ. ಗುಮಾನಿಯೇ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಂಡಿತು. ನಾಲೆಯಲ್ಲಿ ಸೋರಿಹೋಗುವ ನೀರು ನಷ್ಟವೆಂದು ಬದಿಗೆ ಕಾಂಕ್ರೀಟ್ ಹಾಕಿದರೆ ನಾಲೆಯಲ್ಲಿ ಹರಿವು ಹೆಚ್ಚುತ್ತದೆ, ನಿಜ. ಆದರೆ ಅದೇ ಸೋರಿಕೆಯನ್ನು ನಂಬಿ ಬದುಕಿದ್ದ ಕೆಳಗಿನ ಬಾವಿಗಳು ಇಳಿಯುತ್ತವೆ, ಬಾವಿ ಇಳಿದವರು ನಾಲೆಯ ನೀರಿಗೇ ಬಂದು ನಿಲ್ಲುತ್ತಾರೆ. ಇಲ್ಲಿ ಯಾವ ಒಬ್ಬ ರೈತನ ವರ್ತನೆಯೂ ಒಗಟಲ್ಲ. ಒಬ್ಬೊಬ್ಬನ ವರ್ತನೆಯೂ ಉಳಿದವರ ವರ್ತನೆಯನ್ನು ಆಧರಿಸಿದೆ ಎಂಬುದರಲ್ಲಿ ಸಂಕೀರ್ಣತೆ ಇದೆ. ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1972ರಲ್ಲಿ ವಾದಿಸಿದ್ದು ಇದಕ್ಕೆ ಹತ್ತಿರದ್ದು: ಭಾಗಗಳ ನಿಯಮ ಪೂರ್ತಿ ತಿಳಿದ ಮಾತ್ರಕ್ಕೆ ಅವು ಬಹಳವಾಗಿ ಕೂಡಿದಾಗ ಹುಟ್ಟುವ ನಡವಳಿಕೆಯನ್ನು ಅದರಿಂದ ಕಟ್ಟಿಕೊಡಲು ಬರುವುದಿಲ್ಲ.

ಹಾಗಾದರೆ ಅಧಿಕಾರಿಗಳು ಹೇಳಿದ್ದು ಸರಿಯೇ? ಪದ ಸರಿ, ವಾಕ್ಯ ಅರ್ಧ. ‘ಇದು ಸಂಕೀರ್ಣ’ ಎಂದು ನಿಲ್ಲಿಸಿದರೆ ಕೇಳಿದವರ ಬಾಯಿ ಮುಚ್ಚಿಸಿದಂತಾಗುತ್ತದೆಯೇ ಹೊರತು ಏನನ್ನೂ ತಿಳಿಸಿದಂತಾಗುವುದಿಲ್ಲ. ಯಾವ ಎರಡು ಅಂಶಗಳು ಒಂದನ್ನೊಂದು ಹಿಡಿದೆಳೆಯುತ್ತಿವೆ ಎಂಬುದನ್ನು ಹೇಳಿದಾಗ ಮಾತ್ರ ಆ ಮಾತಿಗೆ ಹುರುಳು ಬರುತ್ತದೆ. ನಿಮ್ಮ ಸಂಘದ ನಡಾವಳಿಯಲ್ಲಿ ‘ನೀರಿನ ಹಂಚಿಕೆ ಸಂಕೀರ್ಣ ಸಮಸ್ಯೆಯಾಗಿದೆ’ ಎಂದು ಬರೆಯುವ ಬದಲು, ‘ಮುಂದಿನ ಕಟ್ಟಿನ ದಿನಾಂಕ ಖಚಿತವಿಲ್ಲದ ಕಾರಣ ಮೇಲ್ಭಾಗದಲ್ಲಿ ಹೆಚ್ಚು ನೀರು ಹಿಡಿಯಲಾಗುತ್ತಿದೆ, ಅದರಿಂದ ಕೆಳಭಾಗದ ಬಿತ್ತನೆ ತಡವಾಗಿ ದಿನಾಂಕ ಮತ್ತಷ್ಟು ಅನಿಶ್ಚಿತವಾಗುತ್ತಿದೆ’ ಎಂದು ಬರೆಯಿರಿ. ವಾಕ್ಯ ಉದ್ದವಾಯಿತು, ಆದರೆ ಎಲ್ಲಿ ಕೈ ಹಾಕಬೇಕೆಂಬುದು ಕಾಣಿಸಿತು.

ಸಂಕೀರ್ಣವಾದದ್ದನ್ನು ನಿಭಾಯಿಸಲು ಬರುವುದೇ ಇಲ್ಲ ಎಂಬ ತಪ್ಪು ತಿಳಿವಳಿಕೆಯೂ ಬೇಡ. ಹರ್ಬರ್ಟ್ ಸೈಮನ್ 1962ರಲ್ಲಿ ಒಂದು ಮುಖ್ಯವಾದ ಮಾತನ್ನು ಮುಂದಿಟ್ಟರು. ಬಾಳಿಕೆ ಬರುವ ಸಂಕೀರ್ಣ ವ್ಯವಸ್ಥೆಗಳು ಬಹುಮಟ್ಟಿಗೆ ಉಪವ್ಯವಸ್ಥೆಗಳಾಗಿ ಒಡೆದಿರುತ್ತವೆ. ಒಂದು ಉಪವ್ಯವಸ್ಥೆಯ ಒಳಗಿನ ನಂಟುಗಳು ಗಟ್ಟಿ, ಎರಡು ಉಪವ್ಯವಸ್ಥೆಗಳ ನಡುವಿನ ನಂಟುಗಳು ಸಡಿಲ. ಹಾಗಾಗಿ ಒಂದು ಕಡೆಯ ಏರುಪೇರು ಎಲ್ಲ ಕಡೆಗೂ ತಕ್ಷಣ ಹರಡುವುದಿಲ್ಲ. ಸೈಮನ್‌ಗಿಂತ ಅರ್ಧ ಶತಮಾನಕ್ಕೂ ಮೊದಲು, ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದಾಗ ವಿಶ್ವೇಶ್ವರಯ್ಯನವರು ದಖ್ಖನಿನ ನಾಲೆಗಳಿಗೆ ಸೂಚಿಸಿದ ಬ್ಲಾಕ್ ಪದ್ಧತಿಯ ತರ್ಕವೂ ನನ್ನ ದೃಷ್ಟಿಯಲ್ಲಿ ಇದೇ. ನಾಲೆಯ ಉದ್ದಕ್ಕೂ ಯಾರು ಬೇಕಾದರೂ ಯಾವ ಬೆಳೆ ಬೇಕಾದರೂ ಇಟ್ಟು ನೀರು ಕೇಳುವ ಬದಲು, ಜಮೀನನ್ನು ಬ್ಲಾಕುಗಳಾಗಿ ಮಾಡಿ, ಬೆಳೆಯನ್ನು ಸರದಿಯಲ್ಲಿ ತಿರುಗಿಸಿ, ಬ್ಲಾಕಿಗೆ ನೀರಿನ ಭರವಸೆ ಕೊಟ್ಟರೆ, ಒಬ್ಬರ ನಿರ್ಧಾರ ಇಡೀ ನಾಲೆಯನ್ನು ಅಲುಗಿಸುವುದು ತಪ್ಪುತ್ತದೆ. ನಂಟುಗಳನ್ನು ಸಡಿಲಿಸುವುದು ಅದರ ಗುಟ್ಟು. ಅವರು ಅದನ್ನು ಈ ಹೆಸರಿನಿಂದ ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ.

ಕಬ್ಬಿನ ವಿಷಯದಲ್ಲಿ ಇದೇ ಗುಣ ಕಾಲದ ಉದ್ದಕ್ಕೆ ಹರಡಿಕೊಳ್ಳುತ್ತದೆ. ಈ ವರ್ಷ ಬೆಲ್ಲಕ್ಕೆ ಒಳ್ಳೆಯ ಧಾರಣೆ ಬಂದರೆ ಆಲೆಮನೆಯವರು ಕಬ್ಬಿಗೆ ಹೆಚ್ಚು ಕೊಡುತ್ತಾರೆ, ಅದನ್ನು ನೋಡಿ ಭತ್ತದವರೂ ಕಬ್ಬು ನಾಟಿ ಮಾಡುತ್ತಾರೆ. ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕಾದ್ದರಿಂದ, ಇವರೆಲ್ಲರ ಕಬ್ಬು ಒಟ್ಟಿಗೆ ಬಂದು ನಿಲ್ಲುವುದು ಮುಂದಿನ ವರ್ಷ, ಆಗ ಧಾರಣೆ ಬೀಳುತ್ತದೆ. ಬಿದ್ದ ಧಾರಣೆ ನೋಡಿ ಕೂಳೆಯನ್ನೂ (ಕಟಾವಿನ ನಂತರ ಮತ್ತೆ ಚಿಗುರುವ ಬುಡ) ಕಿತ್ತು ಬೇರೆ ಬೆಳೆಗೆ ಹೋದರೆ, ಅದರ ಮುಂದಿನ ವರ್ಷ ಕಬ್ಬಿಗೆ ಬರ. ಇಂಥ ಏರಿಳಿತಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1934ರಲ್ಲಿ ಜೇಡರಬಲೆಯ ಹೆಸರು ಕೊಟ್ಟರು, ಏಕೆಂದರೆ ಬೆಲೆ ಮತ್ತು ಪ್ರಮಾಣಗಳ ನಕ್ಷೆ ಬರೆದರೆ ಗೆರೆಗಳು ಹಾಗೆಯೇ ಸುತ್ತಿಕೊಳ್ಳುತ್ತವೆ. ಇಲ್ಲಿ ಗಮನಿಸಬೇಕಾದದ್ದೆಂದರೆ ಪ್ರತಿಯೊಬ್ಬರ ಲೆಕ್ಕವೂ ತನ್ನ ಮಟ್ಟಿಗೆ ಸರಿಯಾಗಿತ್ತು. ‘ರೈತರಿಗೆ ಲೆಕ್ಕ ಬರುವುದಿಲ್ಲ’ ಎನ್ನುವ ಪೇಟೆಯ ಮಾತು ತಪ್ಪಾಗುವುದು ಇಲ್ಲಿಯೇ. ಲೆಕ್ಕ ಎಲ್ಲರಿಗೂ ಬಂದದ್ದರಿಂದಲೇ, ಎಲ್ಲರೂ ಒಂದೇ ಲೆಕ್ಕ ಹಾಕಿದ್ದರಿಂದಲೇ, ಫಲ ತಲೆಕೆಳಗಾಯಿತು.

ಅಂಶಗಳು ಬಹಳವಿದ್ದರೆ ಮಾತ್ರ ನಡವಳಿಕೆ ಊಹೆಗೆ ನಿಲುಕದು ಎಂದೂ ತಿಳಿಯಬೇಡಿ. ಎಡ್ವರ್ಡ್ ಲೊರೆಂಜ್ 1963ರಲ್ಲಿ ಕೇವಲ ಮೂರು ಸಮೀಕರಣಗಳಿಂದ, ರಾಬರ್ಟ್ ಮೇ 1976ರಲ್ಲಿ ಶಾಲೆಯ ಮಕ್ಕಳೂ ಮಾಡಬಹುದಾದ ಒಂದೇ ಒಂದು ಗುಣಾಕಾರದ ಸೂತ್ರದಿಂದ, ದೀರ್ಘಕಾಲದ ಮುನ್ಸೂಚನೆ ಅಸಾಧ್ಯವಾಗುವಂಥ ಏರಿಳಿತಗಳನ್ನು ತೋರಿಸಿದರು. ಇದನ್ನು ಕೇಯಾಸ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಇದನ್ನೂ ಸಂಕೀರ್ಣತೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ, ಅವೆರಡೂ ಬೇರೆ. 2021ರ ಭೌತವಿಜ್ಞಾನದ ನೊಬೆಲ್ ಬಂದದ್ದು ಸಂಕೀರ್ಣ ವ್ಯವಸ್ಥೆಗಳ ಅಧ್ಯಯನಕ್ಕೆ: ಭೂಮಿಯ ಹವಾಮಾನದ ಮಾದರಿಗಳಿಗಾಗಿ ಮನಾಬೆ ಮತ್ತು ಹಾಸೆಲ್‌ಮನ್ ಅವರಿಗೆ, ಅವ್ಯವಸ್ಥೆಯೊಳಗೆ ಅಡಗಿರುವ ಕ್ರಮವನ್ನು ಕಂಡದ್ದಕ್ಕಾಗಿ ಪರೀಸಿ ಅವರಿಗೆ.

ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಕಷ್ಟವಾದದ್ದೆಲ್ಲ ಸಂಕೀರ್ಣವೇ ಎಂಬುದಕ್ಕೆ, ಕನ್ನಡದಲ್ಲಿ ಈಗಾಗಲೇ ಇರುವ ಪದಗಳೇ ಉತ್ತರ ಕೊಡುತ್ತವೆ; ನಾವು ಅವನ್ನು ಹದವರಿತು ಬಳಸಿದರೆ ಸಾಕು. ಮೈಬಗ್ಗಿಸಿ ಮಾಡಬೇಕಾದದ್ದು ಕಷ್ಟ. ಓದಿದರೆ ಅರ್ಥವಾಗದಂತೆ ಬರೆದದ್ದು ಕ್ಲಿಷ್ಟ. ಅದರ ಹೊಣೆ ಬಹಳ ಸಲ ವಿಷಯದ್ದಲ್ಲ, ಬರೆದವರದ್ದು. ಭಾಗಗಳು ಬಹಳವಿದ್ದು, ತಾಳ್ಮೆಯಿಂದ ಒಂದೊಂದಾಗಿ ಬಿಡಿಸಿದರೆ ಬಿಡಿಸಿಕೊಳ್ಳುವುದು ಜಟಿಲ. ಕ್ರಮವೇ ತಪ್ಪಿಹೋಗಿರುವುದು ಗೋಜಲು. ಬಿಡಿಸಿ ನೋಡಿದರೆ ನೋಡಬೇಕಾದದ್ದೇ ಮಾಯವಾಗುವಷ್ಟು ಭಾಗಗಳು ಒಂದನ್ನೊಂದು ನಂಬಿಕೊಂಡಿರುವುದು ಸಂಕೀರ್ಣ. ಗದ್ದೆಯಲ್ಲಿ ನಾಟಿ ಮಾಡುವುದು ಕಷ್ಟ, ಸಂಕೀರ್ಣವಲ್ಲ. ಸರ್ಕಾರಿ ಸುತ್ತೋಲೆಯ ಭಾಷೆ ಕ್ಲಿಷ್ಟ, ಸಂಕೀರ್ಣವಲ್ಲ. ಇದು ನಿಘಂಟಿನ ಆಜ್ಞೆಯಲ್ಲ, ನಾನು ಪಾಲಿಸುವ ಮತ್ತು ವಿದ್ಯಾರ್ಥಿಗಳಿಂದ ಬಯಸುವ ವಿಂಗಡಣೆ. ಸಡಿಲವಾಗಿ ಬಳಸುವವರು ತಪ್ಪು ಮಾಡುತ್ತಿದ್ದಾರೆಂದು ಹೇಳಲು ನನಗೆ ಅಧಿಕಾರವಿಲ್ಲ.

ಮೈಸೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ನಿಮ್ಮ ಮಗಳು ಮುಂದೆ ಕೇಳಲಿರುವ ಬಳಕೆಯೊಂದನ್ನೂ ಹೇಳಿಬಿಡುತ್ತೇನೆ. ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟ ಅಳತೆಯಲ್ಲಿ, ಒಂದು ಕ್ರಮವಿಧಿಯಲ್ಲಿ ‘ಹೀಗಾದರೆ ಇದು, ಇಲ್ಲದಿದ್ದರೆ ಅದು’ ಎಂಬ ಕವಲುಗಳನ್ನು ಎಣಿಸಿ ಒಂದನ್ನು ಕೂಡಿಸುತ್ತಾರೆ. 10ನ್ನು ಮೀರದಿರಲಿ ಎಂದು ಅವರು ಸಲಹೆ ಕೊಟ್ಟರು. ಎಷ್ಟು ಪರೀಕ್ಷೆ ಮಾಡಬೇಕು ಎಂಬುದಕ್ಕೆ ಇದು ಒಳ್ಳೆಯ ಸೂಚನೆ, ಓದಲು ಎಷ್ಟು ಕಷ್ಟ ಎಂಬುದಕ್ಕೆ ದುರ್ಬಲ ಸೂಚನೆ. ಇದಕ್ಕಿಂತ ಬೆಲೆಬಾಳುವುದು ಫ್ರೆಡ್ ಬ್ರೂಕ್ಸ್ 1986ರಲ್ಲಿ ಮಾಡಿದ ಭೇದ. ವಿಷಯದಲ್ಲೇ ಇರುವ ಸಂಕೀರ್ಣತೆ ಒಂದು, ನಾವು ಆರಿಸಿಕೊಂಡ ಸಾಧನ ಮತ್ತು ರೀತಿಗಳಿಂದ ಸೇರಿಕೊಂಡದ್ದು ಇನ್ನೊಂದು. ಪೌತಿ ಖಾತೆಯನ್ನು, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು, ನೆನೆಸಿಕೊಳ್ಳಿ. ವಾರಸುದಾರರು ಎಷ್ಟು ಮಂದಿ, ಅವರಲ್ಲಿ ಯಾರು ಅಪ್ರಾಪ್ತರು, ಹಿಂದಿನ ವಿಭಾಗ ನೋಂದಣಿಯಾಗಿತ್ತೇ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲು ಏನು ಎಂಬವು ವಿಷಯದ ಒಳಗಿನವು. ಎಂಥ ಜಾಣ ಕ್ರಮವಿಧಿಯೂ ಇವನ್ನು ತೆಗೆದುಹಾಕಲಾರದು. ಒಂದೇ ಸರ್ವೆ ನಂಬರನ್ನು ಮೂರು ನಮೂನೆಗಳಲ್ಲಿ ಮೂರು ಸಲ ಬರೆಸುವುದು ಮೇಲಿಂದ ಬಂದದ್ದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸಿಕೊಳ್ಳುವುದು ಎಲ್ಲ ಕಚೇರಿಗಳಲ್ಲೂ ನಡೆಯುತ್ತದೆ, ಖಾಸಗಿಯವರೂ ಇದಕ್ಕೆ ಹೊರತಲ್ಲ.

ಉಳಿದದ್ದು ಎರಡು ಪಟ್ಟಿನ ಪ್ರಶ್ನೆ. ಅಳತೆ ಯಾವುದೆಂದು ಮೊದಲೇ ಹೇಳಿದ್ದರೆ ಕೆಲವು ಕಡೆ ಹಾಗೆ ಹೇಳಬಹುದು. ಮೆಕೇಬ್ ಅಳತೆಯಲ್ಲಿ 20 ಬಂದ ಕ್ರಮವಿಧಿ 10 ಬಂದದ್ದರ ಇಮ್ಮಡಿ ಎನ್ನುವುದಕ್ಕೆ, ಪರೀಕ್ಷಿಸಬೇಕಾದ ಸ್ವತಂತ್ರ ದಾರಿಗಳು ಇಮ್ಮಡಿ ಎಂಬ ಖಚಿತವಾದ ಅರ್ಥವಿದೆ. ತಿಳಿಯಲು ಇಮ್ಮಡಿ ಕಷ್ಟ ಎಂಬ ಅರ್ಥವಿಲ್ಲ. ನಾಲೆಯ ಬಯಲು ವಿಮಾನಕ್ಕಿಂತ ಎಷ್ಟು ಪಟ್ಟು ಸಂಕೀರ್ಣ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಎರಡಕ್ಕೂ ಒಪ್ಪುವ ಒಂದು ಏಕಮಾನವಿಲ್ಲ. ತೂಬುಗಳನ್ನು ಎಣಿಸಬಹುದು, ಒಂದು ತೂಬಿನ ನಿರ್ಧಾರ ಎಷ್ಟು ಜನರನ್ನು ತಟ್ಟುತ್ತದೆ ಎಂದು ಎಣಿಸಬಹುದು, ಒಂದು ತಪ್ಪು ಎಷ್ಟು ದಿನಗಳಲ್ಲಿ ಕೊನೆಯ ಭಾಗವನ್ನು ಮುಟ್ಟುತ್ತದೆ ಎಂದು ನೋಡಬಹುದು. ಇವೆಲ್ಲ ಉಪಯುಕ್ತ ಸಂಖ್ಯೆಗಳು. ಇವನ್ನು ಕೂಡಿಸಿ ಒಂದೇ ‘ಸಂಕೀರ್ಣತೆಯ ಅಂಕ’ ಮಾಡಿ ಕೊಡುವವರು ಬಂದರೆ, ಯಾವುದಕ್ಕೆ ಎಷ್ಟು ತೂಕ ಕೊಟ್ಟಿರಿ ಎಂದು ಕೇಳಿ.

ಮಗಳ ಪುಸ್ತಕದಲ್ಲಿ ಕೂಡ ಹೆಚ್ಚು ಸಂಕೀರ್ಣ ಎಂದರೆ ಹೆಚ್ಚು ನಿಧಾನ ಎಂದು ಸೀದಾ ಓದಿಕೊಳ್ಳಬಾರದು. 10,000 ಹೆಸರುಗಳ ಮತದಾರರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬೇಕೆಂದಿರಲಿ. ಪ್ರತಿ ಹೆಸರನ್ನೂ ಉಳಿದ ಪ್ರತಿ ಹೆಸರಿನೊಡನೆ ಹೋಲಿಸುವ ವಿಧಾನಕ್ಕೆ ಸುಮಾರು 5 ಕೋಟಿ ಹೋಲಿಕೆ ಬೇಕು. ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹೋಗಿ, ಜೋಡಿಸಿದ ಅರ್ಧಗಳನ್ನು ಮತ್ತೆ ಬೆಸೆಯುವ ವಿಧಾನಕ್ಕೆ ಒಂದೂಕಾಲು ಲಕ್ಷದ ಆಸುಪಾಸು ಸಾಕು. ಪುಸ್ತಕ ಎರಡನೆಯದನ್ನು ಉತ್ತಮವೆನ್ನುತ್ತದೆ, ಅದು ನಿಜ. ಆದರೆ ಪಟ್ಟಿಯಲ್ಲಿ ಹತ್ತು ಹದಿನೈದೇ ಹೆಸರಿದ್ದಾಗ ಒಡೆದು ಬೆಸೆಯುವ ಮೇಲಿನ ಖರ್ಚೇ ಹೆಚ್ಚಾಗುವುದರಿಂದ, ಒಂದೊಂದು ಹೆಸರನ್ನು ತೆಗೆದು ಅದರ ಜಾಗಕ್ಕೆ ತೂರಿಸುವ ಹಳೆಯ ವಿಧಾನವೇ ಬೇಗ ಮುಗಿಯುತ್ತದೆ. ಇದನ್ನು ಬಲ್ಲ ತಂತ್ರಜ್ಞರು, ದಿನವೂ ನಾವು ಬಳಸುವ ಅನೇಕ ಪ್ರೋಗ್ರಾಮಿಂಗ್ ಭಾಷೆಗಳ ಜೋಡಣೆಯ ಸಾಧನಗಳಲ್ಲಿ, ದೊಡ್ಡ ಪಟ್ಟಿಗೆ ಪುಸ್ತಕದ ವಿಧಾನವನ್ನೂ ಸಣ್ಣ ತುಂಡುಗಳಿಗೆ ಆ ಹಳೆಯ ವಿಧಾನವನ್ನೂ ಒಟ್ಟಿಗೇ ಇಟ್ಟಿರುತ್ತಾರೆ.